ರವಿವಾರ ಜಾರದ ಟ್ರಾಕ್ಟರು

"ನಿನ್ನ ಕೆಲಸ ಏನು?" ಎಂದು ಯಾರಾದರೂ ಕೇಳಿದರೆ ನೀಲಾಬಾಯಿ "ಗಾಲಿ ನೋಡೂದು" ಎನ್ನುತ್ತಿದ್ದಳು. ಕೇಳಿದವರಿಗೆ ಅಷ್ಟರಿಂದ ಏನೂ ತಿಳಿಯುತ್ತಿರಲಿಲ್ಲ. ಆಕೆಯೂ ಬಿಡಿಸಿ ಹೇಳಲು ಹೋಗುತ್ತಿರಲಿಲ್ಲ.

ಚೆಂಬೂರಿನ ಅಂಚಿನಲ್ಲಿ ಒಂದು ಟೇಕ್ಡಿ, ಮನೆಗಳು ತುಂಬಿದ ಸಣ್ಣ ಗುಡ್ಡ. ಅದರ ಬುಡದ ಗಲ್ಲಿಗಳಿಗೆ ನಲ್ಲಿ ನೀರು ಬರುತ್ತದೆ. ನೆತ್ತಿಯ ಮೇಲಿನ ಎರಡು ಗಲ್ಲಿಗಳಿಗೆ ಬರುವುದಿಲ್ಲ. ಅಲ್ಲಿನ ಐವತ್ತು ಅರವತ್ತು ಮನೆಗಳಿಗೆ ದಿನಾ ಬೆಳಿಗ್ಗೆ ಟ್ರಾಕ್ಟರು ಟ್ಯಾಂಕರ್ ಎಳೆದುಕೊಂಡು ಹತ್ತಬೇಕು. ದಾರಿ ಕಾಂಕ್ರೀಟಿನದು, ಮೂರು ತಿರುವು, ಮೂರನೆಯ ತಿರುವಿನ ಆಚೆ ಏರು ಎಷ್ಟು ಕಡಿದೆಂದರೆ ಬರಿಗೈಯಲ್ಲಿ ಹತ್ತುವವರೂ ಮೊಣಕಾಲ ಮೇಲೆ ಕೈಯೂರಿ ಹೆಜ್ಜೆ ಇಡುತ್ತಾರೆ. ಆ ಟ್ರಾಕ್ಟರಿನ ಜೊತೆ, ಟ್ಯಾಂಕರಿನ ಹಿಂಬದಿಗೆ ಒಂದು ಮಾರು ಪಕ್ಕಕ್ಕೆ, ಜಾಲಿ ಕಟ್ಟಿಗೆಯ ಬೆಣೆ ಹಿಡಿದು ನೀಲಾಬಾಯಿ ನಡೆಯುತ್ತಿದ್ದಳು. ಗಾಡಿ ನಿಂತರೆ ಗಾಲಿಯ ಹಿಂದೆ ಬೆಣೆ. ಹಿಂದಕ್ಕೆ ಸರಿದರೂ ಬೆಣೆ. ಒಂಬತ್ತು ವರ್ಷ ಇದೇ ಕೆಲಸ.

ಆಕೆ ಕಲಬುರಗಿ ಕಡೆಯ ಒಂದು ತಾಂಡಾದವಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಗಂಡ ಸಂತುನ ಜೊತೆ ಮುಂಬಯಿಗೆ ಬಂದವಳು. ಸಂತು ಪರೇಲ್ ಕಡೆ ಏಳುತ್ತಿದ್ದ ಹೊಸ ಬಿಲ್ಡಿಂಗುಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಸೇರಿದ. ಆಕೆ ಕುರ್ಲಾದಲ್ಲಿ ಫುಟ್‌ಪಾತಿನ ಕಲ್ಲು ಹೊತ್ತಳು, ಗಟಾರ ಅಗೆದಳು, ಕೊನೆಗೆ ಇದೇ ಟೇಕ್ಡಿಯ ದಾರಿಗೆ ಕಾಂಕ್ರೀಟ್ ಹಾಕುವಾಗ ಬುಟ್ಟಿ ಹೊರಲು ಬಂದಳು. ಒಂದು ದಿನ ಖಡಿ-ಜಲ್ಲಿ ತುಂಬಿದ ಟ್ರಾಲಿ ಎಳೆಯುತ್ತಿದ್ದ ಟ್ರಾಕ್ಟರು ಎರಡನೆಯ ತಿರುವಿನಲ್ಲಿ ಬಂದ್ ಬಿದ್ದು ಹಿಂದಕ್ಕೆ ಉರುಳತೊಡಗಿತು. ಕೂಲಿಯವರೆಲ್ಲ ಕೂಗುತ್ತ ಬದಿಗೆ ಹಾರಿದರು. ನೀಲಾಬಾಯಿ ಬುಟ್ಟಿ ಒಗೆದು, ಪಕ್ಕದಲ್ಲಿದ್ದ ದಪ್ಪ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಗಾಲಿಯ ಹಿಂದೆ ಹಾಕಿದಳು. ಗಾಡಿ ಕಲ್ಲನ್ನು ಒತ್ತಿ ನಿಂತಿತು.

ಡ್ರೈವರ್ ಧರ್ಮಣ್ಣ ಇಳಿದು ಬಂದು ಮೊದಲು ಕಲ್ಲು ನೋಡಿದ, ಆಮೇಲೆ ಆಕೆಯನ್ನು ನೋಡಿದ. ಸಂಜೆ ಶ್ರೀಮಂತ ಎಂಬ ಹೆಸರಿನ ಮಾಲಕನ ಹತ್ತಿರ ಹೋಗಿ, "ಈ ಹೆಣಮಗಳನ್ನ ನನ್ನ ಗಾಡಿಗಿ ಕೊಡ್ರಿ. ಬುಟ್ಟಿ ಹೊರ್ಲಿಕ್ಕಿ ಯಾರರೆ ಸಿಗ್ತಾರ" ಎಂದ.

ಕಾಂಕ್ರೀಟ್ ಕೆಲಸ ಮುಗಿದ ಮೇಲೆ ಶ್ರೀಮಂತ ಅದೇ ಟ್ರಾಕ್ಟರಿಗೆ ಮೂರು ಸಾವಿರ ಲೀಟರಿನ ಎರಡು ಗಾಲಿಯ ಟ್ಯಾಂಕರ್ ಕಟ್ಟಿ ನೀರಿನ ಕೆಲಸ ಹಿಡಿದ. ಧರ್ಮಣ್ಣನೂ ನೀಲಾಬಾಯಿಯೂ ಗಾಡಿಯ ಜೊತೆಗೇ ಹೋದರು. ಧರ್ಮಣ್ಣ ಆಳಂದ ಕಡೆಯವನು, ಅರವತ್ತರ ಹತ್ತಿರದವನು, ಮಾತು ಕಡಿಮೆ. ಮೊದಲ ದಿನವೇ ಆಕೆಗೆ ಒಂದು ಮಾತು ಹೇಳಿದ್ದ: "ತಂಗಿ, ಗ್ವಾಡಿ ಕಡಿ ನಡೀಬ್ಯಾಡ. ಗಾಡಿ ವಾಲಿದ್ರ ನಡಬರ್ಕ ಸಿಗ್ತಿ. ಬಯಲು ಕಡಿ ನಡಿ." ಆಕೆ ಅದನ್ನು ಒಮ್ಮೆಯೂ ಮೀರಲಿಲ್ಲ. ಅಂಗಳದಲ್ಲಿ ಟ್ಯಾಂಕರ್ ತುಂಬಿಸುವಾಗ ಟ್ರಾಕ್ಟರನ್ನು ಹಿಂದೆ ಮುಂದೆ ಮಾಡುವುದನ್ನೂ ಆತನೇ ಕಲಿಸಿದ್ದ, ತನಗೆ ಚಹಾ ಕುಡಿಯಲು ಪುರಸೊತ್ತು ಸಿಗಲಿ ಎಂದು.

ಟೇಕ್ಡಿಯ ಬುಡದಲ್ಲಿ ಸುಕೇಶನ ಹೋಟೆಲು. ಕಾರ್ಖಾನೆಗೆ ಹೋಗುವವರು ಬೆಳಿಗ್ಗೆ ಆರೂವರೆಯಿಂದಲೇ ಇಡ್ಲಿಗೆ ಸಾಲು ನಿಲ್ಲುತ್ತಾರೆ. ಉಡುಪಿ ಕಡೆಯ ಸುಕೇಶ ಹನ್ನೆರಡು ವರ್ಷದಿಂದ ಅಲ್ಲಿದ್ದಾನೆ. ನಲ್ಲಿ ನೀರು ಅವನಿಗೆ ಸಾಲದು. ಆದ್ದರಿಂದ ಟ್ಯಾಂಕರ್ ಮೊದಲು ಅವನ ಬಾಗಿಲಿಗೆ ನಿಂತು, ಹತ್ತಿರ ಹತ್ತಿರ ಅರ್ಧ ನೀರು ಇಳಿಸಿ, ಉಳಿದದ್ದನ್ನು ಹೊತ್ತು ಮೇಲೆ ಹೋಗುವುದು. ದಾರಿಗೆ ಮೊದಲು ಸಿಗುವವನಿಗೆ ಮೊದಲು. ಯಾರೂ ಅದನ್ನು ಯೋಚಿಸಿ ಮಾಡಿದ್ದಲ್ಲ.

ಕಳೆದೆರಡು ವರ್ಷದಿಂದ ಗಾಡಿ ಜಾರುವುದು ಹೆಚ್ಚಾಗಿತ್ತು. ಟ್ರಾಕ್ಟರಿನ ಹಿಂದಿನ ಗಾಲಿ ಇದ್ದಲ್ಲೇ ಗರಗರ ತಿರುಗುವುದು, ರಬ್ಬರ್ ಸುಟ್ಟ ವಾಸನೆ, ಗಾಡಿ ಒಂದು ಗೇಣು ಹಿಂದಕ್ಕೆ, ಬೆಣೆ, ಮತ್ತೆ ಮೊದಲಿನಿಂದ. ಧರ್ಮಣ್ಣ ಟೈರು ಸವೆದಿದೆ ಎಂದ. ಶ್ರೀಮಂತ ಹೊಸ ಟೈರು ಹಾಕಿಸಿದ. ಆದರೂ ಜಾರಿತು. ಪಾಚಿ ಎಂದರು, ಮೇಲಿನ ಗಲ್ಲಿಯ ಹೆಂಗಸರು ಬ್ಲೀಚಿಂಗ್ ಪುಡಿ ಹಾಕಿ ದಾರಿ ಉಜ್ಜಿದರು. ಆದರೂ ಜಾರಿತು.

ಜುಲೈ ತಿಂಗಳ ಒಂದು ಗುರುವಾರ ಮೂರನೆಯ ತಿರುವಿನ ಆಚೆ ಗಾಲಿ ತಿರುಗಿತು, ಗಾಡಿ ಹಿಂದಕ್ಕೆ ಸರಿಯಿತು. ನೀಲಾಬಾಯಿ ಬೆಣೆ ಇಟ್ಟಳು. ಒದ್ದೆ ಕಾಂಕ್ರೀಟಿನ ಮೇಲೆ ಬೆಣೆಯೇ ಗಾಲಿಯ ಮುಂದೆ ಜಾರತೊಡಗಿತು. ಒಂಬತ್ತು ವರ್ಷದಲ್ಲಿ ಹಾಗೆ ಆಗಿದ್ದು ಅದೇ ಮೊದಲು. "ಅಣ್ಣಾ, ನಿಲ್ಲವಲ್ದು!" ಎಂದು ಆಕೆ ಕಿರುಚಿದಳು. ಧರ್ಮಣ್ಣ ಎರಡೂ ಬ್ರೇಕ್ ಪೆಡಲುಗಳ ಮೇಲೆ ನಿಂತುಬಿಟ್ಟಿದ್ದ. ಗಾಲಿ ತಿರುಗುವುದು ನಿಂತಿತ್ತು, ಆದರೆ ಗಾಡಿ ನಿಂತಿರಲಿಲ್ಲ. ಕಟ್ಟಿಹಾಕಿದ ಗಾಲಿಯ ಮೇಲೇ ಅದು ಹಲಗೆಯ ಹಾಗೆ ಕೆಳಗಿಳಿಯುತ್ತಿತ್ತು. ಟ್ಯಾಂಕರ್ ಓರೆಯಾಗಿ ತಿರುಗಿ, ಹಳೆಯ ಕಲ್ಲುಗೋಡೆಗೆ ಬಡಿದು ನಿಂತಿತು. ಟ್ರಾಕ್ಟರು ಅದಕ್ಕೆ ಅಡ್ಡಲಾಗಿ ಮಡಚಿಕೊಂಡಿತು. ಧರ್ಮಣ್ಣನ ಎಡಮೊಣಕಾಲು ಕ್ಲಚ್ಚಿಗೂ ತಗಡಿಗೂ ನಡುವೆ ಸಿಕ್ಕಿತು.

ಬೇರೆ ಯಾರಿಗೂ ಏನೂ ಆಗಲಿಲ್ಲ. ಮಳೆ ಎಂದು ಮಕ್ಕಳು ಹೊರಗಿರಲಿಲ್ಲ. ನೀಲಾಬಾಯಿ ಬಯಲು ಕಡೆಗೆ ನಿಂತಿದ್ದಳು.

ಧರ್ಮಣ್ಣನನ್ನು ಪರೇಲಿನ ಆಸ್ಪತ್ರೆಗೆ ಸೇರಿಸಿದರು. ಮೇಲಿನ ಗಲ್ಲಿಗೆ ನೀರು ನಿಂತಿತು. ಹೆಂಗಸರು ಹಂಡೆ, ಕ್ಯಾನು ಹಿಡಿದು ಬುಡಕ್ಕೆ ಇಳಿದು, ಇದೇ ದಾರಿ ಹತ್ತತೊಡಗಿದರು. ಅವರಲ್ಲಿ ದಾನೇಶ್ವರಿ ಎಂಬಾಕೆ, ಎರಡು ಬಿಲ್ಡಿಂಗಿನಲ್ಲಿ ಮನೆಗೆಲಸ ಮಾಡುವವಳು, ನೀಲಾಬಾಯಿಯ ಹತ್ತಿರ ಬಂದು, "ಅಕ್ಕಾ, ಗಾಡಿ ಮತ್ತ ಯಾವಾಗ ಬರ್ತದ? ಕೆಲಸಕ್ಕ ತಡಾ ಆಗಿ ಒಂದು ಮನಿ ಬಿಟ್ಟು ಹೋಯ್ತು" ಎಂದಳು. ಗಾಡಿ ಹತ್ತದಿದ್ದರೆ ಬೆಣೆ ಇಡುವವಳೂ ಬೇಡ ಎಂಬುದು ಮಾತ್ರ ನೀಲಾಬಾಯಿಗೆ ಗೊತ್ತಿತ್ತು.

ಮನೆಯಲ್ಲಿ ಕೂತಾಗ ಆ ಒಂಬತ್ತು ವರ್ಷ ಆಕೆಯ ಕಣ್ಣ ಮುಂದೆ ಬಂತು. ಡ್ರೈವರ್ ಮುಂದೆ ನೋಡುತ್ತಾನೆ. ಹಿಂದೆ ನೋಡುತ್ತಿದ್ದವಳು ತಾನೊಬ್ಬಳೇ. ಯಾವ ದಿನ ಜಾರಿತ್ತು, ಯಾವ ದಿನ ಇಲ್ಲ? ಮಳೆಯಲ್ಲಿ ಜಾರಿತ್ತು, ಬಿಸಿಲಲ್ಲೂ ಜಾರಿತ್ತು. ಹಳೆಯ ಟೈರಿನಲ್ಲಿ, ಹೊಸ ಟೈರಿನಲ್ಲಿ. ಆದರೆ ರವಿವಾರ ಒಮ್ಮೆಯೂ ಜಾರಿರಲಿಲ್ಲ. ಎಷ್ಟು ಬಗೆಯಲ್ಲಿ ನೆನಪು ಮಾಡಿಕೊಂಡರೂ ರವಿವಾರ ಬೆಣೆ ಇಟ್ಟದ್ದು ನೆನಪಿಗೆ ಬರಲಿಲ್ಲ, ಮೇಲೆ ಹೋಗಿ ನಿಲ್ಲಿಸಿದಾಗ ಬಿಟ್ಟರೆ. ರವಿವಾರ ಕಾರ್ಖಾನೆಗೆ ರಜೆ. ಸುಕೇಶನ ಹೋಟೆಲೂ ಬಂದ್. ಟ್ಯಾಂಕರ್ ತುಂಬಿದ್ದು ತುಂಬಿದ ಹಾಗೇ ಮೇಲೆ ಹೋಗುತ್ತಿತ್ತು.

ಆಸ್ಪತ್ರೆಗೆ ಧರ್ಮಣ್ಣನನ್ನು ನೋಡಲು ಹೋದಾಗ ಆಕೆ ಇದನ್ನು ಹೇಳಿದಳು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಆತ ನಕ್ಕುಬಿಟ್ಟ.

"ಅಲ್ಲ ತಂಗಿ, ಭಾರ ಕಡಿಮಿ ಆದ್ರ ಗಾಡಿ ಹಗುರಾಗಿ ಹತ್ತಬೇಕು. ನೀ ಉಲ್ಟಾ ಹೇಳ್ಲಕತ್ತೀದಿ."

"ಅದಕ್ಕೇ ನಾನೂ ಯಾರ ಮುಂದೂ ಹೇಳಿಲ್ರಿ ಅಣ್ಣಾ. ಆದ್ರ ರವಿವಾರ ಜಾರಿದ್ದು ನಿಮಗ ನೆನಪೈತೇನ್ರಿ?"

ಧರ್ಮಣ್ಣ ಬೆರಳು ಮಡಚಿ ವಾರಗಳನ್ನು ಎಣಿಸಿ ನೋಡಿದ. "ಇಲ್ಲ" ಎಂದ ಕೊನೆಗೆ.

ಟ್ರಾಕ್ಟರನ್ನೂ ಟ್ಯಾಂಕರನ್ನೂ ಕುರ್ಲಾದ ಮೋನಪ್ಪನ ಗ್ಯಾರೇಜಿಗೆ ಸಾಗಿಸಿದ್ದರು. ಸಾಮಾನಿನ ಮೇಲೆ ಕಣ್ಣಿಡಲು ಶ್ರೀಮಂತ ನೀಲಾಬಾಯಿಯನ್ನೇ ಕಳಿಸಿದ. ಮೋನಪ್ಪ ಮಂಗಳೂರು ಕಡೆಯವನು, ನಲವತ್ತು ವರ್ಷದಿಂದ ದೊಡ್ಡ ಗಾಡಿಗಳ ಟೈರು ಬಿಚ್ಚುತ್ತಿದ್ದವನು. ಮೂರು ದಿನ ಆಕೆ ಸುಮ್ಮನೆ ಕೂತು ನೋಡಿದಳು. ನಾಲ್ಕನೆಯ ದಿನ ಚಹಾ ಬಂದಾಗ ಕೇಳಿಯೇಬಿಟ್ಟಳು.

"ಮೋನಪ್ಪಣ್ಣ, ತುಂಬಿದ ಟ್ಯಾಂಕರ್ ಜಾರಂಗಿಲ್ಲ, ಅರ್ಧ ಇದ್ರ ಜಾರ್ತದ. ಇದು ಹೆಂಗ್ರಿ?"

ಮೋನಪ್ಪ ಲೋಟ ಕೆಳಗಿಟ್ಟ. "ನಿಮಗೆ ಇದು ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಾ ನೋಡೀನಿ."

ಆತ ಎದ್ದು ಹೋಗಿ ಟ್ಯಾಂಕರಿನ ಮೇಲಿನ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ಒಳಗೆ ನೋಡಿದ. ಇಳಿದು ಬಂದು ಒಂದು ಉದ್ದನೆಯ ಪ್ಲಾಸ್ಟಿಕ್ ಕ್ಯಾನಿಗೆ ಅರ್ಧ ನೀರು ಹಾಕಿ, ಮುಚ್ಚಿ, ಹಲಗೆಯ ಮೇಲೆ ಅಡ್ಡ ಮಲಗಿಸಿ ಕಟ್ಟಿದ. ಹಲಗೆಯ ನಡುವಿಗೆ ಒಂದು ಕಬ್ಬಿಣದ ಕೊಳವೆ ಕೊಟ್ಟ. "ಈ ಕೊಳವೆ ಟ್ಯಾಂಕರಿನ ಗಾಲಿ ಅಂತ ತಿಳ್ಕೊಳ್ಳಿ. ಹಲಗೆಯ ಮುಂದಿನ ತುದಿ ನಿಮ್ಮ ಅಂಗೈ ಮೇಲೆ ಇರ್ಲಿ. ನಿಮ್ಮ ಕೈಯೇ ಟ್ರಾಕ್ಟರು."

ನೀಲಾಬಾಯಿ ಅಂಗೈ ಒಡ್ಡಿದಳು. ಹಲಗೆ ಮಟ್ಟವಾಗಿದ್ದಾಗ ಕೈ ಮೇಲೆ ಭಾರ ಕೂತಿತ್ತು. "ಈಗ ಏರು ಬಂತು, ಮೆಲ್ಲ ಎತ್ತಿ" ಎಂದ ಮೋನಪ್ಪ. ಆಕೆ ಎತ್ತಿದಳು. ಒಳಗಿನ ನೀರು ಗುಳುಗುಳು ಎಂದು ಹಿಂದಕ್ಕೆ ಓಡಿತು. ಅಂಗೈ ಮೇಲಿನ ಭಾರ ಇಲ್ಲದಂತಾಯಿತು. ಇನ್ನೂ ಸ್ವಲ್ಪ ಎತ್ತಿದರೆ ಹಲಗೆ ತಾನೇ ಕೈ ಬಿಟ್ಟು ಮೇಲೇಳುತ್ತಿತ್ತು. ಕ್ಯಾನನ್ನು ಬಾಯಿವರೆಗೆ ತುಂಬಿ ಮತ್ತೆ ಮಾಡಿದರು. ಈ ಸಲ ನೀರಿಗೆ ಓಡಲು ಜಾಗವಿರಲಿಲ್ಲ. ಭಾರ ಕೈ ಮೇಲೇ ಉಳಿಯಿತು.

"ನಿಮ್ಮದು ಟೂ ವೀಲ್ ಡ್ರೈವ್" ಎಂದ ಮೋನಪ್ಪ. "ಎಳೆಯುವುದು ಹಿಂದಿನ ಎರಡು ಗಾಲಿ ಮಾತ್ರ. ಬ್ರೇಕೂ ಅದಕ್ಕೇ. ಮುಂದಿನವು ದಾರಿ ತೋರಿಸ್ಲಿಕ್ಕೆ ಉಂಟಷ್ಟೇ. ಹಿಂದಿನ ಗಾಲಿಯ ಮೇಲೆ ಭಾರ ಕೂತ್ರೆ ಅದು ನೆಲ ಹಿಡೀತದೆ. ಅರ್ಧ ಟ್ಯಾಂಕರ್ ಏರಿನಲ್ಲಿ ಹಿಂದಕ್ಕೆ ವಾಲಿ ನಿಮ್ಮ ಟ್ರಾಕ್ಟರಿನ ಹಿಂಭಾಗವನ್ನೇ ಎತ್ತಿ ಹಿಡೀತದೆ. ಮತ್ತೆ ಅದು ಎಂಥದ್ದನ್ನು ಹಿಡಿಯುವುದು? ಒಳಗೆ ನೀರು ಓಡದ ಹಾಗೆ ತಗಡಿನ ಅಡ್ಡಪಟ್ಟಿ ಇರಬೇಕು. ಇದ್ದದ್ದು ತುಕ್ಕು ಹಿಡಿದು ಉದುರಿ ಬಿದ್ದಿದೆ. ಎರಡು ವರ್ಷ ಆಗಿರಬೇಕು."

ಆಕೆ ಇನ್ನೊಮ್ಮೆ ಹಲಗೆ ಎತ್ತಿ ನೋಡಿದಳು. ಜುಲೈ ಗುರುವಾರ ಟ್ರಾಕ್ಟರಿಗೂ ಟ್ಯಾಂಕರಿಗೂ ನಡುವಿನ ಕೊಂಡಿ ಮೇಲೆದ್ದು ಕಟಕಟ ಬಡಿದದ್ದನ್ನು ಆಕೆ ಕೇಳಿದ್ದಳು. ಆ ಸದ್ದು ಏನೆಂದು ಈಗ ತಿಳಿಯಿತು.

ಶ್ರೀಮಂತ ಬಂದಾಗ ಮೋನಪ್ಪ ಅವನಿಗೂ ಅದೇ ಹಲಗೆ ಹಿಡಿಸಿದ. ಶ್ರೀಮಂತ ಮೊದಲು ಬೇಸರಪಟ್ಟುಕೊಂಡ, ಆಮೇಲೆ ಎರಡು ಸಲ ಎತ್ತಿ ಇಳಿಸಿ ನೋಡಿದ. ಅಡ್ಡಪಟ್ಟಿ ವೆಲ್ಡ್ ಮಾಡಿಸಲು ಒಪ್ಪಿದ. ಟ್ರಾಕ್ಟರಿನ ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿ, ಉಳಿದದ್ದಕ್ಕೆ ಗಾಳಿ ಹಾಕಿದರು. ಅದರಿಂದ ಗಾಲಿಗಳೇ ಭಾರವಾದವು. ಏರಿನಲ್ಲಿ ಮೂತಿ ಏಳಬಾರದೆಂದು ಮುಂದೆ ಕಬ್ಬಿಣದ ತೂಕ ಬಿಗಿದರು. ಎರಡೂ ಗಾಲಿಗೆ ಒಟ್ಟಿಗೇ ಬ್ರೇಕ್ ಬೀಳಲೆಂದು ಎರಡು ಪೆಡಲುಗಳನ್ನು ಸೇರಿಸುವ ಚಿಲಕ ಮುರಿದು ಯಾವ ಕಾಲವಾಗಿತ್ತೋ, ಹೊಸದು ಹಾಕಿದರು.

"ಇಷ್ಟೆಲ್ಲ ಮಾಡಿದ್ರೂ" ಎಂದ ಮೋನಪ್ಪ, "ಅರ್ಧ ಟ್ಯಾಂಕರ್ ಆ ಏರಿಗೆ ಒಯ್ಯಬೇಡಿ. ತುಂಬಿಸಿಯೇ ಹತ್ತಿ. ಖಾಲಿ ಮಾಡುತ್ತಾ ಇಳೀರಿ."

ತುಂಬಿಸಿಯೇ ಹತ್ತಬೇಕೆಂದರೆ ಸುಕೇಶನ ಸರದಿ ಕೊನೆಗೆ ಬರಬೇಕು.

ಶ್ರೀಮಂತ ಆ ಮಾತು ಆಡಲು ಮುಂದಾಗಲಿಲ್ಲ. ಸುಕೇಶ ಬಹಳ ಹಳೆಯ ಗಿರಾಕಿ. ನೀಲಾಬಾಯಿಯೇ ಹೋದಳು, ಮಧ್ಯಾಹ್ನ ಹೋಟೆಲು ತೆರವಾಗಿದ್ದಾಗ. ಜೊತೆಗೆ ದಾನೇಶ್ವರಿಯನ್ನು ಕರೆದುಕೊಂಡಳು.

ಸುಕೇಶ ಪೂರ್ತಿ ಕೇಳಿದ. "ನನಗೆ ಬೆಳಿಗ್ಗೆ ಐದಕ್ಕೆ ನೀರು ಬೇಕು ಮಾರಾಯ್ತಿ. ನೀವು ಮೇಲೆ ಹೋಗಿ ಇಳಿಯುವಾಗ ಎಂಟೂವರೆ. ಜನ ಇಡ್ಲಿ ತಿಂದು ಎಂಟೂವರೆಗೆ ಕೈ ತೊಳೀಬೇಕಾ?"

"ಇವತ್ತು ಇಳೀವಾಗ ಹಾಕಿದ ನೀರು ನಾಳಿ ಮುಂಜಾನಿಗಿ ಇಟ್ಕೋರಿ. ಒಂದೇ ದಿನ ಹೆಚ್ಚಿಗಿ ತುಂಬಿಸಬೇಕು, ಆಮ್ಯಾಲ ದಿನಾ ಸರೀ ಹೋಗ್ತದ."

"ಅದು ಸರಿ. ಆದರೆ ಮೇಲಿನವರು ನನ್ನ ಪಾಲು ಬಿಡ್ತಾರೆ ಅಂತ ಯಾವ ಗ್ಯಾರಂಟಿ? ಅವರ ಬಾಗಿಲಲ್ಲಿ ಟ್ಯಾಂಕರ್ ನಿಂತಿರುವಾಗ ಅವರು ನನ್ನನ್ನು ನೆನಪು ಮಾಡ್ಕೊಳ್ತಾರಾ?"

ದಾನೇಶ್ವರಿಗೆ ಸಿಟ್ಟು ಬಂತು. "ಒಂಬತ್ತು ವರ್ಷ ನೀವು ಉಳಿಸಿದ್ದು ನಾವು ಕುಡದೀವಿ ಸುಕೇಶಣ್ಣ. ನಾವು ಉಳಿಸಿದ್ದು ನೀವು ಒಂದು ತಿಂಗಳು ಕುಡೀರಿ, ನೋಡೋಣ."

ಸುಕೇಶ ಅವಳನ್ನೇ ನೋಡಿದ. ಆಮೇಲೆ ನೀಲಾಬಾಯಿಯ ಕಡೆ ತಿರುಗಿ, ಮೊದಲ ದಿನ ತಾನೂ ಮೇಲೆ ಬರುವೆ ಎಂದ. ಟ್ಯಾಂಕರಿನ ಬದಿಗೆ ಇರುವ ಪಾರದರ್ಶಕ ಪೈಪಿನಲ್ಲಿ ಒಳಗಿನ ನೀರಿನ ಮಟ್ಟ ಕಾಣುತ್ತದೆ. ಅವನ ಪಾಲಿನ ಅಳತೆಗೆ ಅಲ್ಲಿ ಕೆಂಪು ಬಣ್ಣದಿಂದ ಗೆರೆ ಹಾಕಿದರು. ಗೆರೆ ಮುಟ್ಟಿದ ಕೂಡಲೇ ವಾಲ್ವ್ ಬಂದ್ ಮಾಡುವ ಜವಾಬ್ದಾರಿ ದಾನೇಶ್ವರಿಯದು.

ಧರ್ಮಣ್ಣನ ಜಾಗಕ್ಕೆ ಶ್ರೀಮಂತ ಒಬ್ಬ ಬದಲಿ ಡ್ರೈವರನ್ನು ತಂದಿದ್ದ. ಆ ಮೊದಲ ದಿನ ಸುಕೇಶ ಅಂಗಿಯ ಮೇಲೊಂದು ಟವೆಲ್ ಹಾಕಿಕೊಂಡು ಗಾಡಿಯ ಹಿಂದೆ ನಡೆದ. ಎರಡನೆಯ ತಿರುವಿಗೆ ಅವನ ಉಸಿರು ಮೇಲಾಯಿತು. ಮೂರನೆಯದರ ಆಚೆ ಒಂದು ಮನೆಯ ಕಟ್ಟೆ ಮೇಲೆ ಕೂತುಬಿಟ್ಟ. ಹನ್ನೆರಡು ವರ್ಷದಲ್ಲಿ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಒಬ್ಬ ಮುದುಕಿ ಕ್ಯಾನು ಹೊತ್ತು ಅವನ ಪಕ್ಕದಿಂದಲೇ ಹತ್ತಿ ಹೋದಳು. ಟ್ರಾಕ್ಟರು ಮಾತ್ರ ಭಾರವಾಗಿ ಗುರುಗುಟ್ಟುತ್ತ, ಒಮ್ಮೆಯೂ ಗಾಲಿ ತಿರುಗಿಸದೆ, ಮೇಲೆ ಮುಟ್ಟಿತು. ಕೆಂಪು ಗೆರೆಗೆ ನೀರು ಬಂದಾಗ ಇನ್ನೂ ಏಳೆಂಟು ಹಂಡೆ ಸಾಲಿನಲ್ಲಿದ್ದವು. ದಾನೇಶ್ವರಿ ವಾಲ್ವ್ ತಿರುಗಿಸಿದಳು. ಗದ್ದಲವಾಯಿತು, ಸ್ವಂತ ನಾದಿನಿಯೇ ಅವಳಿಗೆ ಬಾಯಿಗೆ ಬಂದಂತೆ ಬೈದಳು. ಅವಳು ಬಿಡಲಿಲ್ಲ. ಇಳಿಯುವಾಗ ಸುಕೇಶ ನೀಲಾಬಾಯಿಗೆ, "ನನಗೆ ಗೆರೆ ಸ್ವಲ್ಪ ಕೆಳಗೆ ಹಾಕಿದ್ರೂ ನಡೀತದೆ. ಇನ್ನೆರಡು ಬೆರಳು" ಎಂದ. ಮತ್ತೆ ಅವನು ಮೇಲೆ ಬರಲಿಲ್ಲ.

ಬದಲಿ ಡ್ರೈವರನ ಸಮಸ್ಯೆ ಬೇರೆ. ಹತ್ತುವುದು ಸರಿ ಹತ್ತುತ್ತಿದ್ದ. ಇಳಿಯುವಾಗ ಡೀಸೆಲ್ ಉಳಿಸುವೆನೆಂದು ನ್ಯೂಟ್ರಲ್ಲಿಗೆ ಹಾಕುತ್ತಿದ್ದ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನ ಗಾಲಿಗೆ ಹೋಗಿ ಹಿಂದಿನವು ಹಗುರಾಗುತ್ತವೆ, ಗಾಡಿಯನ್ನು ಎಂಜಿನ್ನೇ ಹಿಡಿದುಕೊಳ್ಳಬೇಕು ಎಂದು ಮೋನಪ್ಪ ಹೇಳಿದ್ದು ನೀಲಾಬಾಯಿಗೆ ನೆನಪಿತ್ತು. "ಭಾಯಿ, ಗೇರಿನ್ಯಾಗ ಇಳಿಸ್ರಿ" ಎಂದು ಆಕೆ ಮೂರು ಸಲ ಹೇಳಿದಳು. ಬೆಣೆ ಹಿಡಿಯುವವಳಿಂದ ಡ್ರೈವಿಂಗ್ ಕಲಿಯುವ ಗರಜು ಅವನಿಗಿರಲಿಲ್ಲ. ಆಕೆ ಶ್ರೀಮಂತನಿಗೆ ಹೇಳಿದಳು.

ಆಗ ಧರ್ಮಣ್ಣ ಕೋಲೂರಿಕೊಂಡು ಅಂಗಳಕ್ಕೆ ಬಂದಿದ್ದ. ಮೊಣಕಾಲು ಇನ್ನು ಮುಂದೆ ಕ್ಲಚ್ಚು ತುಳಿಯುವಂತಿರಲಿಲ್ಲ. ಡಾಕ್ಟರ್ ಅದನ್ನು ಖಂಡಿತ ಹೇಳಿಬಿಟ್ಟಿದ್ದರು.

"ನೀಲಾಗ ಕೊಡ್ರಿ ಗಾಡಿ" ಎಂದ.

"ಏ ಧರ್ಮಣ್ಣ, ಹೆಣಮಗಳು. ಆ ಏರು ನೋಡೀಯಿಲ್ಲೋ?"

"ನಾ ಒಬ್ಬಾಂವ ನೋಡೀನಿ, ಆಕಿ ಒಬ್ಬಾಕಿ ನೋಡ್ಯಾಳ. ನೀವು ನೋಡೀರೇನು?"

ಶ್ರೀಮಂತ ಒಪ್ಪಿದ. ಆದರೆ ಲೈಸನ್ಸ್ ಬರುವ ತನಕ ಬದಲಿಯವನೇ ಓಡಿಸಲಿ, ಆಕೆ ದಾರಿಯ ಮೇಲೆ ಸ್ಟೇರಿಂಗ್ ಮುಟ್ಟಕೂಡದು ಎಂದ.

ಸಂತುಗೆ ಇದು ಹಿಡಿಸಲಿಲ್ಲ. ಗೋಡೆಗೆ ಮಡಚಿಕೊಂಡ ಟ್ರಾಕ್ಟರನ್ನು ಅವನೂ ನೋಡಿದ್ದ. "ಏನಾರೆ ಆದ್ರ?" ಎಂದ. "ಬಾಜೂಕ ನಡೀವಾಗೂ ಏನಾರೆ ಆಗಬಹುದಿತ್ತಲ್ಲ" ಎಂದಳು ಆಕೆ. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಲರ್ನಿಂಗ್ ಲೈಸನ್ಸಿನ ಪರೀಕ್ಷೆಗೆ ಬೇಕಾದ ಚಿಹ್ನೆಗಳ ಹಾಳೆಯನ್ನು ಅವನೇ ತಂದು, ಒಂದೊಂದಕ್ಕೂ ಬೆರಳಿಟ್ಟು ಓದಿಸಿದ. ನಾಲ್ಕನೆಯ ಇಯತ್ತೆ ತನಕ ಓದಿದ್ದ ನೀಲಾಬಾಯಿ ಕಂಪ್ಯೂಟರಿನ ಮುಂದೆ ಕೂತು ಪಾಸಾದಳು. ಧರ್ಮಣ್ಣ ಎರಡು ತಿಂಗಳು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ಕಲಿಸಿದ. ಖಾಲಿ ಟ್ಯಾಂಕರ್, ತುಂಬಿದ ಟ್ಯಾಂಕರ್, ಸಣ್ಣ ದಿಬ್ಬ, ದಿಬ್ಬದ ಮೇಲೆ ನಿಲ್ಲಿಸಿ ಮತ್ತೆ ಹೊರಡುವುದು. ಅವನು ಹೆಚ್ಚು ಸಲ ಹೇಳಿದ್ದು ಒಂದೇ: "ಇಳೀವಾಗ ಗಾಲಿ ಕಟ್ಟಿ ಜಾರಿದ್ರ ಬ್ರೇಕ್ ಮ್ಯಾಲ ನಿಂದರಬ್ಯಾಡ. ನಾ ನಿಂತೆ, ಅದಕ್ಕ ಹಿಂಗ ಕುಂತೀನಿ. ಬ್ರೇಕ್ ಬಿಡು, ಸ್ವಲ್ಪ ರೇಸ್ ಕೊಡು, ಗಾಲಿ ತಿರುಗಲಿ. ತಿರುಗೋ ಗಾಲಿ ನೆಲ ಹಿಡೀತದ."

ಹೇಳುವುದು ಸುಲಭ. ಕೆಳಗೆ ಜಾರುತ್ತಿರುವ ಗಾಡಿಯಲ್ಲಿ ಕೂತು ಬ್ರೇಕಿನಿಂದ ಕಾಲು ತೆಗೆಯುವುದು ಹೇಗೆ ಎಂದು ಆಕೆ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು.

ನವೆಂಬರಿನಲ್ಲಿ ಲೈಸನ್ಸ್ ಬಂತು. ಮೊದಲ ದಿನ ಹತ್ತುವಾಗ ಮೇಲಿನ ಗಲ್ಲಿಯವರು ದಾರಿಯ ಎರಡೂ ಬದಿಗೆ ನಿಂತಿದ್ದರು. ಆಕೆ ಯಾರನ್ನೂ ನೋಡಲಿಲ್ಲ. ಬೆಣೆ ಹಿಡಿಯುವ ಕೆಲಸಕ್ಕೆ ದಾನೇಶ್ವರಿ ಬಂದಿದ್ದಳು. ಕೈಬಿಟ್ಟ ಮನೆಗೆಲಸಕ್ಕಿಂತ ಇದೇ ವಾಸಿ ಎಂದುಕೊಂಡಿದ್ದಳು. ಬೆಣೆಯ ತಳಕ್ಕೆ ಈಗ ಹಳೆಯ ಟೈರಿನ ತುಂಡು ಬಡಿದಿತ್ತು.

ಚಳಿಗಾಲ, ಬೇಸಿಗೆ ಕಳೆದವು. ಜೂನ್ ಮೊದಲ ವಾರದಲ್ಲಿ ಮೊದಲ ಮಳೆ ಬಿತ್ತು, ಜೋರೂ ಅಲ್ಲ, ಬರೀ ಹನಿ. ಎಂಟು ತಿಂಗಳ ಧೂಳು, ಎಣ್ಣೆ, ಸೋಪಿನ ನೀರು ಎಲ್ಲ ಸೇರಿ ದಾರಿಯ ಮೇಲೆ ತೆಳುವಾದ ರಾಡಿಯಾಗುವ ದಿನ ಅದು. ನೀಲಾಬಾಯಿ ಮೇಲೆ ನೀರು ಕೊಟ್ಟು, ಸುಕೇಶನ ಪಾಲು ಹೊತ್ತು, ಮೊದಲನೆಯ ಗೇರಿನಲ್ಲಿ ಇಳಿಯತೊಡಗಿದಳು. ಮೂರನೆಯ ತಿರುವಿಗೆ ಇಪ್ಪತ್ತು ಹೆಜ್ಜೆ ಇರುವಾಗ ಎದುರು ಮನೆಯಿಂದ ಒಬ್ಬ ಅಜ್ಜ ಕೊಡೆ ಬಿಚ್ಚುತ್ತ ದಾರಿಗೆ ಇಳಿದ. ಆಕೆ ಬ್ರೇಕ್ ತುಳಿದಳು. ಹಿಂದಿನ ಗಾಲಿಗಳು ಕಟ್ಟಿದವು. ಗಾಡಿ ನಿಲ್ಲಲಿಲ್ಲ.

ಸದ್ದೇ ಇಲ್ಲದ ಜಾರಿಕೆ. ಪಕ್ಕದಲ್ಲಿ ನಡೆಯುತ್ತಿದ್ದಾಗ ಆಕೆ ನೋಡಿದ್ದ ಜಾರಿಕೆಗಳೆಲ್ಲ ಸದ್ದು ಮಾಡುತ್ತಿದ್ದವು. ಹಿಂದೆ ಟ್ಯಾಂಕರ್ ಒಂದು ಬದಿಗೆ ನೂಕಲು ಶುರು ಮಾಡಿದ್ದು ಸೀಟಿನ ಮೂಲಕ ತಿಳಿಯಿತು. ಕಾಲು ಪೆಡಲಿನ ಮೇಲೆ ಕಲ್ಲಾಗಿತ್ತು. "ಅಜ್ಜಾ, ಸರೀರಿ!" ಎಂದು ಹಿಂದಿನಿಂದ ದಾನೇಶ್ವರಿ ಕೂಗಿದ್ದು ಕೇಳಿಸಿತು. ಅಜ್ಜ ಬಾಗಿಲ ಒಳಕ್ಕೆ ಹಿಂದಡಿ ಇಟ್ಟ. ನೀಲಾಬಾಯಿ ಕಾಲು ಎತ್ತಿದಳು. ಗಾಡಿ ಮುಂದಕ್ಕೆ ಜಿಗಿದಂತಾಯಿತು. ರೇಸ್ ತುಸುವೇ ಎಳೆದಳು. ಗಾಲಿ ತಿರುಗಿತು, ಒಂದು ಸುತ್ತು, ಎರಡು, ರಾಡಿಯನ್ನು ಕೊರೆದು ಕಾಂಕ್ರೀಟಿನ ಗೀರುಗಳನ್ನು ಕಚ್ಚಿತು. ರೇಸ್ ಬಿಟ್ಟಳು. ಎಂಜಿನ್ ಗಾಡಿಯನ್ನು ಹಿಡಿದುಕೊಂಡಿತು. ಸ್ಟೇರಿಂಗ್ ನೇರ ಇತ್ತು, ಟ್ಯಾಂಕರೂ ನೇರವಾಯಿತು. ತಿರುವಿಗೆ ಬರುವಷ್ಟರಲ್ಲಿ ಗಾಡಿ ಎಂದಿನ ಹಾಗೆ ಮನುಷ್ಯ ನಡೆಯುವ ವೇಗದಲ್ಲಿ ಇಳಿಯುತ್ತಿತ್ತು.

ಬುಡಕ್ಕೆ ಬಂದು ಗಾಡಿ ನಿಲ್ಲಿಸಿ ಇಳಿದಳು. ಸುಕೇಶ ಪೈಪ್ ಹಿಡಿದು ಬಂದವನು ಆಕೆಯ ಮುಖ ನೋಡಿ ಪೈಪ್ ಕೆಳಗಿಟ್ಟು, ಒಳಗೆ ಹೋಗಿ ಚಹಾ ತಂದ. ಆಕೆ ಅದನ್ನು ನಿಂತೇ ಕುಡಿದಳು. ದಾನೇಶ್ವರಿ ಓಡಿ ಬಂದು, "ಅಕ್ಕಾ, ನಾ ಬೆಣಿ ಇಡ್ಲಿಕ್ಕಿ ಆಗಲೇ ಇಲ್ಲ" ಎಂದು ಅಳುವ ಹಾಗೆ ಮಾಡಿದಳು.

"ಇಳೀವಾಗ ಹಿಂದ ಬೆಣಿ ಇಟ್ಟು ಏನ್ ಮಾಡ್ತಿದ್ದಿ? ಅಜ್ಜನ್ನ ಕೂಗಿದ್ದು ಛಲೋ ಆಯ್ತು" ಎಂದಳು ನೀಲಾಬಾಯಿ. ಆ ದಿನದಿಂದ ಇಳಿಯುವಾಗ ದಾನೇಶ್ವರಿ ಗಾಡಿಯ ಮುಂದೆ ಬಹಳ ದೂರದಲ್ಲಿ, ಸೀಟಿ ಊದುತ್ತ ನಡೆಯತೊಡಗಿದಳು. ಮಳೆ ಬಿದ್ದ ಮೊದಲ ಮೂರು ದಿನ ದಾರಿ ತೊಳೆದ ಮೇಲೆಯೇ ಗಾಡಿ ಎಂದು ನೀಲಾಬಾಯಿ ಶ್ರೀಮಂತನಿಗೆ ಹೇಳಿದಳು. ಅವನು ತಕರಾರು ಮಾಡಲಿಲ್ಲ.

ಮೋನಪ್ಪನ ಗ್ಯಾರೇಜಿನಿಂದ ಸುದ್ದಿ ನಾಲ್ಕು ಕಡೆ ಹೋಯಿತು. ಆ ವರ್ಷ ದಸರೆಯ ನಂತರ ವಿಕ್ರೋಲಿ ಕಡೆಯ ಒಬ್ಬ ಠೇಕೇದಾರ ಆಕೆಯನ್ನು ಕರೆಸಿದ. ಅಲ್ಲೂ ಒಂದು ಗುಡ್ಡ, ಮೇಲೆ ವಸತಿ, ಅವನ ಹತ್ತಿರವೂ ಟೂ ವೀಲ್ ಡ್ರೈವ್ ಟ್ರಾಕ್ಟರು. ದಾರಿ ನೋಡಿ ಹೇಳು, ಬೇಕಾದರೆ ನೀನೇ ಬಂದು ಓಡಿಸು ಎಂದ.

ನೀಲಾಬಾಯಿ ರವಿವಾರ ಬೆಳಗಿನ ನೀರು ಕೊಟ್ಟು ಮುಗಿಸಿ ಲೋಕಲ್ ರೈಲು ಹಿಡಿದು ಹೋದಳು. ಅಲ್ಲಿನ ಟ್ರಾಕ್ಟರನ್ನು ಆಕೆ ಹತ್ತಲೇ ಇಲ್ಲ. ಬುಡದಿಂದ ತುದಿಗೆ ನಡೆದು ಹತ್ತಿದಳು, ನಡೆದು ಇಳಿದಳು, ಮತ್ತೊಮ್ಮೆ ಹತ್ತಿದಳು. ಎರಡು ಕಡೆ ದಾರಿ ಹೊರಗಿನ ಬದಿಗೆ ವಾಲಿತ್ತು. ಅಲ್ಲಿ ಗಾಡಿ ಜಾರಿದರೆ ಹಿಡಿಯಲು ಗೋಡೆಯಿಲ್ಲ, ಕೆಳಗೆ ಮನೆಗಳ ತಗಡು. ಆಕೆ ಕೂತು, ಚಪ್ಪಲಿ ಬಿಚ್ಚಿ, ಬರಿಗಾಲನ್ನು ಆ ವಾಲಿದ ಜಾಗದಲ್ಲಿ ಊರಿ ನೋಡಿದಳು.

"ಏನು ಹಾಕಿಸಬೇಕು ಹೇಳಿ. ಟೈರಿಗೆ ನೀರಾ, ಮುಂದೆ ತೂಕವಾ, ಎಲ್ಲಾ ಹಾಕಿಸ್ತೇನೆ" ಎಂದ ಠೇಕೇದಾರ.

"ಏನೂ ಹಾಕಿಸಬ್ಯಾಡ್ರಿ. ಇಲ್ಲಿ ಟ್ರಾಕ್ಟರ್ ನಡ್ಯಾಂಗಿಲ್ಲ" ಎಂದಳು ಆಕೆ. "ಅಡ್ಡಕ್ಕ ವಾಲಿದ ದಾರ್ಯಾಗ ಗಾಡಿ ಬಾಜೂಕ ಹೋಗ್ತದ, ಹಿಂದಕ್ಕಲ್ಲ. ಅದಕ್ಕ ಯಾವ ಭಾರಾನೂ ಉಪಯೋಗಿಲ್ಲ. ಕೆಳಗ ಟಾಕಿ ಕಟ್ರಿ, ಪಂಪ್ ಕೂಡ್ಸಿ ಪೈಪಿನ್ಯಾಗ ಹತ್ತಸ್ರಿ."

ಠೇಕೇದಾರನ ಮುಖ ಸಣ್ಣದಾಯಿತು. ಇಷ್ಟು ದೂರ ಕರೆಸಿದ್ದು ಇಲ್ಲ ಎನ್ನಿಸಿಕೊಳ್ಳಲು ಅಲ್ಲ ಎಂದು ಗೊಣಗಿದ. ಆದರೂ ಡಿಸೆಂಬರಿನಲ್ಲಿ ಅಲ್ಲಿ ಪಂಪ್ ಕೂತಿತು ಎಂದು ಮೋನಪ್ಪ ಫೋನಿನಲ್ಲಿ ತಿಳಿಸಿದ. ಸುದ್ದಿ ಬಂದಾಗ ನೀಲಾಬಾಯಿ ಅಂಗಳದಲ್ಲಿ ಟ್ಯಾಂಕರ್ ತುಂಬಿಸುತ್ತಿದ್ದಳು. "ಛಲೋ ಆಯ್ತು ಬಿಡ್ರಿ" ಎಂದು ಫೋನು ಇಟ್ಟು, ಮುಚ್ಚಳದಿಂದ ನೀರು ಹೊರಚೆಲ್ಲುವ ತನಕ ಕಾದು, ಗಾಡಿ ಹತ್ತಿದಳು.